ಮಲೆನಾಡಿನ ಹಳೇ ಮನೆಗೆ ಪೂರ್ತಿ ಎಲ್‌ಇಡಿ: ಎಲ್ಲೆಲ್ಲಿ ಯಾವ ಬಲ್ಬ್ ಸರಿ ಹೋಯ್ತು, ಯಾವುದು ಬೇಡ

ಮೊದ್ಲೇ ಹೇಳ್ಬಿಡ್ತೀನಿ, ಮನೇಲಿರೋ ಬುರುಡೆ ಬಲ್ಬು, ಚೋಕ್ ಇರೋ ಟ್ಯೂಬ್‌ಲೈಟು, ಸಿಎಫ್‌ಎಲ್ಲು ಎಲ್ಲಾ ತೆಗೆದು ಎಲ್‌ಇಡಿ ಹಾಕ್ಸಬೇಕಾ ಅಂತ ಯಾರು ಕೇಳಿದ್ರೂ ಕಣ್ಮುಚ್ಚಿ ಹಾಕ್ಸಿ ಅಂತೀನಿ. ಆದ್ರೆ ಕಣ್ಮುಚ್ಚಿ ಕೊಂಡ್ಕೋಬೇಡಿ. ಕರೆಂಟ್ ಉಳಿಯತ್ತೆ ಅನ್ನೋ ಮಾತಲ್ಲಿ ಈಗ ಯಾರಿಗೂ ಅನುಮಾನ ಇಲ್ಲ, ಜನ ಬೇಜಾರಾಗೋದು ಬೇರೆ ಕಾರಣಕ್ಕೆ. ಒಂದು ಗುಡುಗಿಗೆ ನಾಲ್ಕು ಬಲ್ಬ್ ಒಟ್ಟಿಗೆ ಹೋಗತ್ತೆ, ಸ್ವಿಚ್ ಆಫ್ ಮಾಡಿದ್ರೂ ಮಿಣಮಿಣ ಅಂತಿರತ್ತೆ, ದೇವರ ಮನೆ ಆಸ್ಪತ್ರೆ ವಾರ್ಡ್ ಥರ ಬಿಳಿಚ್ಕೊಂಡಿರತ್ತೆ, ಆಮೇಲೆ "ಹಳೇದೇ ಚೆನ್ನಾಗಿತ್ತು" ಅಂತಾರೆ. ಇದೆಲ್ಲಾ ಎಲ್‌ಇಡಿಯ ದೋಷ ಅಲ್ಲ, ಯಾವ ಜಾಗಕ್ಕೆ ಯಾವ ಬಲ್ಬ್ ಅಂತ ನೋಡದೆ ಎಲ್ಲಾ ಕಡೆಗೂ ಒಂದೇ ಡಬ್ಬಿ ತಂದು ಹಾಕೋದರ ಫಲ. ನಮ್ಮದು ಸಾಗರ ತಾಲೂಕಿನ ಒಂದು ಹೆಂಚಿನ ಮನೆ, ತೋಟದ ಮಧ್ಯೆ, ಕರೆಂಟ್ ಲೈನಿನ ಕೊನೇಲಿ. ಅಡುಗೆಮನೆಯಿಂದ ಕೊಟ್ಟಿಗೆ ತನಕ, ಅಡಿಕೆ ಸುಲಿಯೋ ಶೆಡ್ಡಿನ ತನಕ ಎಲ್ಲಾ ಕಡೆ ಬದಲಾಯ್ಸಿ ವರ್ಷಗಟ್ಟಲೆ ಬಳಸಿದ ಮೇಲೆ ಬರೀತಿದೀನಿ.

ಲೆಕ್ಕ ಬೇಗ ಮುಗಿಸ್ತೀನಿ. 60 ವ್ಯಾಟಿನ ಬುರುಡೆ ಬಲ್ಬ್ ದಿನಾ 5 ಗಂಟೆ ಉರಿದ್ರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು, ನಿಜ ಹೇಳ್ಬೇಕಂದ್ರೆ ಅದಕ್ಕಿಂತ ಒಂದು ಕೈ ಹೆಚ್ಚೇ ಕೊಡೋ 9 ವ್ಯಾಟ್ ಎಲ್‌ಇಡಿಗೆ ತಿಂಗಳಿಗೆ 1.35 ಯೂನಿಟ್. ಹಳೇ 40 ವ್ಯಾಟ್ ಟ್ಯೂಬ್‌ಲೈಟು ಅಂದ್ರೆ ಬರೀ 40 ಅಲ್ಲ, ತಾಮ್ರದ ಚೋಕ್ ತಿನ್ನೋದು ಸೇರಿ 50 ದಾಟತ್ತೆ, ಅದರ ಜಾಗಕ್ಕೆ 20 ವ್ಯಾಟ್ ಎಲ್‌ಇಡಿ ಬ್ಯಾಟನ್ (ಟ್ಯೂಬ್ ಥರ ಉದ್ದಕ್ಕಿರೋ ಎಲ್‌ಇಡಿ ಲೈಟು) ಸಾಕು. ಎಲ್ಲರ ಲೆಕ್ಕದಿಂದ ತಪ್ಪಿಸ್ಕೊಳ್ಳೋದು ಜೀರೋ ಬಲ್ಬ್. ಹೆಸರಿಗೆ ಜೀರೋ, ತಿನ್ನೋದು 12ರಿಂದ 15 ವ್ಯಾಟ್. ರಾತ್ರಿ ಇಡೀ 10 ಗಂಟೆ ಉರಿದ್ರೆ ತಿಂಗಳಿಗೆ ನಾಲ್ಕು, ನಾಲ್ಕೂವರೆ ಯೂನಿಟ್, ಅಂದ್ರೆ ಹಾಲ್‌ನಲ್ಲಿ ದಿನಾ ಐದು ಗಂಟೆ ಉರಿಯೋ 20 ವ್ಯಾಟ್ ಬ್ಯಾಟನ್‌ಗಿಂತ ಜಾಸ್ತಿ! ಅರ್ಧ ವ್ಯಾಟಿನ ಎಲ್‌ಇಡಿ ನೈಟ್ ಲ್ಯಾಂಪ್ ಹಾಕಿದ್ರೆ ಅದು ಒಂದು ಯೂನಿಟ್ಟಿನ ಆರನೇ ಒಂದು ಭಾಗಾನೂ ಆಗಲ್ಲ. ಮನೇಲಿ ಮೊದ್ಲು ಏನು ಬದಲಾಯ್ಸೋದು ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು, ಯಾಕಂದ್ರೆ ಬೇರೆ ಲೈಟೆಲ್ಲಾ ಮಲಗೋವಾಗ ಆಫ್ ಆಗತ್ತೆ, ಇದು ಮಾತ್ರ ಆವಾಗ ಶುರು ಆಗೋದು.

ಗೃಹಜ್ಯೋತಿ ಬಂದ್ಮೇಲೆ ಬಿಲ್ಲೇ ಬರಲ್ವಲ್ಲ ಇನ್ಯಾಕೆ ಅಂತ ಕೆಲವರು ಕೇಳ್ತಾರೆ. ಬಿಲ್ ಬರಲ್ಲ ಅನ್ನೋದು 200 ಯೂನಿಟ್ ಒಳಗೆ ಅಂತ ಮಾತ್ರ ಅಲ್ಲ, ನಿಮ್ಮ ಮನೆ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇಕಡಾ 10 (48 ಯೂನಿಟ್‌ಗಿಂತ ಕಡಿಮೆ ಬಳಸೋ ಮನೆಗೆ 2024ರಿಂದ 10 ಯೂನಿಟ್) ಸೇರ್ಸಿ ನಿಮ್ಮ ಮಿತಿ ಅಂತ ಹಾಕಿದಾರೆ, ಅದು ದಾಟಿದ್ರೆ ದಾಟಿದ್ದಕ್ಕೆ ಕಟ್ಬೇಕು, 200 ದಾಟಿದ್ರೆ ಪೂರ್ತಿ ಕಟ್ಬೇಕು. ಕಡಿಮೆ ಬಳಸೋ ಮನೆಗಳ ಮಿತಿ ತೀರಾ ಚಿಕ್ಕದಿರತ್ತೆ, ಒಂದು ಮಿಕ್ಸಿನೋ ಫ್ರಿಜ್ಜೋ ಹೊಸದಾಗಿ ಬಂದ್ರೆ ಸಾಕು ಮಿತಿ ಮುಟ್ಟತ್ತೆ. ಅಂಥ ಮನೇಲಿ ಎರಡು ಬುರುಡೆ ಬಲ್ಬ್ ತೆಗೆದ್ರೆ ತಿಂಗಳಿಗೆ 15 ಯೂನಿಟ್ ಜಾಗ ಸಿಗತ್ತೆ, ಅದು ಸಣ್ಣದಲ್ಲ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಬರೀ ದುಡ್ಡಿನ ವಿಷಯ ಅಲ್ಲ. ಜೋಗದಲ್ಲಿ 1948ರಲ್ಲಿ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾಯ್ತು, 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗೀತು, ಶರಾವತಿ ದಂಡೆ ಮೇಲಿನ ಊರೂರೇ ನೀರಲ್ಲಿ ಹೋಯ್ತು. ನಾಡಿಗೆಲ್ಲಾ ಬೆಳಕು ಕೊಡೋಕೆ ಮನೆ ಬಿಟ್ಟು ಹೊರಟ ಮುಳುಗಡೆ ಜನರಲ್ಲಿ ಎಷ್ಟೋ ಕುಟುಂಬಗಳು ಆಮೇಲೆ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡೀಲಿ ಕಾಲ ಹಾಕಿದ್ದು ಇಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ. ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವ್ಯಾಟು, ಈಗ ಅದೇ ಕಣಿವೆ ಕಾಡಲ್ಲಿ, ಸಿಂಗಳೀಕ ಇರೋ ಕಾಡಲ್ಲಿ, 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಅಂತ ಹೊರಟಿದಾರೆ. ಕೆಳಗಿನ ನೀರನ್ನ ಮೇಲಕ್ಕೆ ಪಂಪ್ ಮಾಡಿಟ್ಕೊಂಡು ಬೇಡಿಕೆ ಏರಿದಾಗ ಮತ್ತೆ ಬಿಟ್ಟು ಕರೆಂಟ್ ಮಾಡೋದು. ಬೇಡಿಕೆ ಏರೋ ಹೊತ್ತಲ್ಲಿ ಒಂದು ಯಾವುದು? ಸಂಜೆ, ಎಲ್ಲರ ಮನೇಲೂ ಲೈಟ್ ಹಚ್ಚೋ ಹೊತ್ತು. ಬೆಳಕಿಗೆ ಉಳಿಸೋ ಕರೆಂಟು ಸರಿಯಾಗಿ ಆ ಹೊತ್ತಲ್ಲೇ ಉಳಿಯತ್ತೆ, ಅದಕ್ಕೇ ನನಗೆ ಇದರ ಬಗ್ಗೆ ಇಷ್ಟು ಕಾಳಜಿ.

ಸರಿ, ಬಲ್ಬಿಗೆ ಬರೋಣ.

ನಮ್ಮನೆಗೆ ಮೊದ್ಲು ಬಂದಿದ್ದು "ಹೊಸ ಬೆಳಕು" ಯೋಜನೆ ಬಲ್ಬ್. ಕೇಂದ್ರದ ಉಜಾಲಾ ಅನ್ನೋದು 2015ರ ಜನವರೀಲಿ ಶುರುವಾಯ್ತಲ್ಲ, ಅದನ್ನೇ ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಅಂತ ಆ ವರ್ಷದ ಕೊನೇಲಿ ತಂದ್ರು, ಕರೆಂಟ್ ಬಿಲ್ ತೋರ್ಸಿದ್ರೆ 9 ವ್ಯಾಟಿನ ಬಲ್ಬು 100 ರೂಪಾಯಿಗೆ, ಮೂರು ವರ್ಷ ವಾರಂಟಿ. ಆ ಹೊತ್ತಿಗೆ ಅಂಗಡೀಲಿ ಅದರ ಎರಡು ಮೂರು ಪಟ್ಟು ಬೆಲೆ ಇತ್ತು. ಸರ್ಕಾರ ಒಟ್ಟಿಗೇ ಕೋಟಿಗಟ್ಟಲೆ ಬಲ್ಬ್ ಟೆಂಡರ್ ಕರೆದಿದ್ದಕ್ಕೇ 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರ ಹೊತ್ತಿಗೆ 38 ರೂಪಾಯಿಗೆ ಬಂತು, ಇವತ್ತು ಪ್ಯಾಟೆ ಅಂಗಡೀಲಿ ನಾವು ಅಗ್ಗಕ್ಕೆ ಕೊಳ್ತಿರೋದರ ಹಿಂದೆ ಅದೇ ಇರೋದು. ದೇಶಾದ್ಯಂತ 36 ಕೋಟಿಗೂ ಜಾಸ್ತಿ ಬಲ್ಬ್ ಹಂಚಿದಾರೆ. ಅವತ್ತು ತಂದಿದ್ದರಲ್ಲಿ ಒಂದು ನಮ್ಮನೆ ಅಟ್ಟದ ಮೆಟ್ಟಿಲ ಹತ್ರ ಈಗಲೂ ಉರೀತಿದೆ, ಬೆಳಕು ಸ್ವಲ್ಪ ಮಂಕಾಗಿದೆ ಅಷ್ಟೇ. ತೂಕಾನೇ ಬೇರೆ ಅದರದ್ದು, ಕುತ್ತಿಗೆಯೊಳಗೆ ಬಿಸಿ ಎಳೆದು ಹೊರಗೆ ಹಾಕೋ ಅಲ್ಯೂಮಿನಿಯಂ ಹೀಟ್ ಸಿಂಕ್ ಇರೋದು ಕೈಲಿ ಹಿಡಿದ್ರೇ ಗೊತ್ತಾಗತ್ತೆ. ಈಗ ಬರೋ ತುಂಬಾ ಬಲ್ಬು ಕೈಲಿ ಹಿಡಿದ್ರೆ ಖಾಲಿ ಡಬ್ಬಿ ಹಿಡಿದಂಗಿರತ್ತೆ.

ಈ ತೂಕದ ವಿಷಯ ಯಾಕೆ ಹೇಳಿದೆ ಅಂದ್ರೆ, ಎಲ್‌ಇಡಿ ಬಲ್ಬಲ್ಲಿ ಸಾಮಾನ್ಯವಾಗಿ ಮೊದ್ಲು ಸಾಯೋದು ಶಾಖದಿಂದ. ಹಳೇ ಬಲ್ಬಿಗೆ ಬಿಸಿ ಆದ್ರೆ ಏನೂ ತೊಂದ್ರೆ ಇರ್ಲಿಲ್ಲ, ಅದು ಇರೋದೇ ಬಿಸಿಯಾಗೋಕೆ. ಎಲ್‌ಇಡಿಗೆ ಬಿಸಿ ಅಂದ್ರೆ ಆಗಲ್ಲ. ಒಂದು ಗಂಟೆ ಉರಿದ ಬಲ್ಬನ್ನ ಆಫ್ ಮಾಡಿ ಕುತ್ತಿಗೆ ಮುಟ್ಟಿ ನೋಡಿ, ಮೇಲಿನ ಬಿಳಿ ಗೋಳ ತಣ್ಣಗಿರತ್ತೆ, ಕುತ್ತಿಗೆ ಸುಡತ್ತೆ. ಆ ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲದ ಕಡೆ, ಅಂದ್ರೆ ಜಗಲಿ ಮೇಲೆ ಚಂದಕ್ಕೆ ಅಂತ ಹಾಕಿರ್ತಾರಲ್ಲ ಮುಚ್ಚಿದ ಗಾಜಿನ ಗುಂಡು, ಅದರೊಳಗೆ ಹಾಕಿದ್ರೆ ಎರಡು ವರ್ಷ ಬರೋ ಬಲ್ಬ್ ಆರೇಳು ತಿಂಗಳಿಗೇ ಮುಗಿಯತ್ತೆ. ಗಾಜಿನ ಗುಂಡು ಬೇಕೇ ಬೇಕು ಅನ್ನೋರು ಕಡಿಮೆ ವ್ಯಾಟಿಂದು, 5 ವ್ಯಾಟಿಂದು ಹಾಕಿ, ಬಾಳತ್ತೆ.

ಸತ್ತಿರೋ ಬಲ್ಬ್ ಬಿಚ್ಚಿ ನೋಡೋ ಅಭ್ಯಾಸ ನನಗೆ. ಬಿಳಿ ಗೋಳ ಸ್ವಲ್ಪ ಒತ್ತಿ ತಿರುಗ್ಸಿದ್ರೆ ಕಿತ್ತು ಬರತ್ತೆ, ಒಳಗೆ ಒಂದು ರೌಂಡ್ ತಟ್ಟೆ, ಅದರ ಮೇಲೆ ಹಳದಿ ಬಣ್ಣದ ಸಣ್ಣ ಸಣ್ಣ ಚಿಪ್ ಸಾಲಾಗಿ. ಹೋಗಿರೋ ಬಲ್ಬಲ್ಲಿ ಬಹಳ ಸಲ ಒಂದೇ ಒಂದು ಚಿಪ್ಪಿನ ನಡುವೆ ಕಪ್ಪು ಚುಕ್ಕೆ ಇರತ್ತೆ, ಸಾಸಿವೆ ಕಾಳಿಗಿಂತ ಸಣ್ಣದು. ಎಲ್ಲಾ ಚಿಪ್ಪೂ ಸೀರೀಸಲ್ಲಿ, ಅಂದ್ರೆ ಸರದ ಹಾಗೆ ಒಂದಕ್ಕೊಂದು ಜೋಡ್ಸಿ ಇರೋದ್ರಿಂದ ಆ ಒಂದು ಹೋದ್ರೆ ಇಡೀ ಬಲ್ಬ್ ಕತ್ತಲೆ. ಅದನ್ನ ತಂತಿ ತುಂಡು ಇಟ್ಟು ಬೆಸುಗೆ ಹಾಕಿ ಜೋಡ್ಸಿ ಮತ್ತೆ ಉರಿಸೋರು ಇದಾರೆ, ದಯವಿಟ್ಟು ಆ ಕೆಲಸ ಮಾಡ್ಬೇಡಿ, ಉಳಿದ ಚಿಪ್ಪುಗಳ ಮೇಲೆ ಭಾರ ಬಿದ್ದು ಸ್ವಲ್ಪ ದಿನಕ್ಕೆ ಅವೂ ಹೋಗತ್ವೆ, ಅದಕ್ಕಿಂತ ಹೆಚ್ಚಾಗಿ ಅಗ್ಗದ ಬಲ್ಬುಗಳ ಆ ತಟ್ಟೆ ನೇರ ಮೇನ್ಸ್ ಕರೆಂಟಿಗೆ ತಾಗಿರತ್ತೆ, ಗೋಳ ಇಲ್ಲದೆ ಹಾಗೇ ಹೋಲ್ಡರಿಗೆ ಸಿಗಿಸಿ ಮಕ್ಕಳು ಮುಟ್ಟಿದ್ರೆ ಜೀವಕ್ಕೇ ಅಪಾಯ.

ಸಂತೇಲಿ, ರೋಡ್ ಸೈಡಲ್ಲಿ ರಾಶಿ ಹಾಕಿ ಮಾರೋ ಹೆಸರಿಲ್ಲದ ಬಲ್ಬುಗಳ ಕಥೆ ಇದೇ. ಡಬ್ಬಿ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿರಬೇಕು, ಐಎಸ್ 16102 ಅಂತ ನಂಬರು, ಕೆಳಗೆ ಆರ್ ಅಕ್ಷರದಿಂದ ಶುರುವಾಗೋ ರಿಜಿಸ್ಟ್ರೇಷನ್ ನಂಬರು. ಅದಿಲ್ಲದ್ದನ್ನ ಮುಟ್ಟಲೇಬೇಡಿ. ಆಮೇಲೆ ವ್ಯಾಟ್ ಬಿಟ್ಟು ಲ್ಯೂಮೆನ್, ಅಂದ್ರೆ ಬೆಳಕಿನ ಅಳತೆ ನೋಡಿ. ಒಂದೇ 9 ವ್ಯಾಟ್ ಅಂತ ಇರೋ ಎರಡು ಡಬ್ಬೀಲಿ ಒಂದರ ಮೇಲೆ 800 ಚಿಲ್ಲರೆ ಲ್ಯೂಮೆನ್ ಇರತ್ತೆ, ಇನ್ನೊಂದರ ಮೇಲೆ 1000ದ ಹತ್ತಿರ, ಕರೆಂಟ್ ಎರಡೂ ಒಂದೇ ತಿನ್ನತ್ವೆ. ನಮ್ಮ ಮಲೆನಾಡಿನೋರು ಇನ್ನೂ ಒಂದು ನೋಡ್ಬೇಕು, ಸರ್ಜ್ ಪ್ರೊಟೆಕ್ಷನ್, ಅಂದ್ರೆ ಲೈನಲ್ಲಿ ದಿಢೀರ್ ವೋಲ್ಟೇಜ್ ಜಿಗಿದ್ರೆ ತಡ್ಕೊಳ್ಳೋ ಶಕ್ತಿ. 2.5 ಕೆವಿ, 4 ಕೆವಿ (ಕಿಲೋವೋಲ್ಟ್) ಅಂತ ಬರೆದಿರ್ತಾರೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೇಲಿ ಮಧ್ಯಾಹ್ನ ಮೇಲೆ ಗುಡುಗು ಸಿಡಿಲು ಶುರುವಾದ್ರೆ ಲೈನಲ್ಲಿ ಕರೆಂಟ್ ಜಿಗಿಯೋದು ಇಲ್ಲಿ ಮಾಮೂಲಿ, ಬುರುಡೆ ಬಲ್ಬು ಇದನ್ನೆಲ್ಲಾ ತಡ್ಕೊಳ್ತಿತ್ತು, ಎಲ್‌ಇಡಿ ಒಳಗೆ ಚಿಪ್ಪಿಗೆ ಕರೆಂಟ್ ಹದ ಮಾಡಿ ಕೊಡೋ ಡ್ರೈವರ್ ತಡ್ಕೊಳ್ಳಲ್ಲ. ನಾವು 4 ಕೆವಿ ಅಂತ ಬರೆದಿರೋದನ್ನೇ ತಗೊಳ್ಳೋಕೆ ಶುರುಮಾಡಿದ್ಮೇಲೆ, ಮೀಟರ್ ಬೋರ್ಡಲ್ಲಿ ಒಂದು ಎಸ್‌ಪಿಡಿ (ಸರ್ಜ್ ತಡೆಯೋ ಸಾಧನ) ಹಾಕ್ಸಿ ಅರ್ತಿಂಗ್ ಸರಿ ಮಾಡ್ಸಿದ್ಮೇಲೆ, ಸಿಡಿಲಿಗೆ ಬಲ್ಬ್ ಹೋಗೋದು ತುಂಬಾನೇ ಕಡಿಮೆ ಆಯ್ತು. ಆದ್ರೂ ಸಿಡಿಲು ಹತ್ತಿರ ಬಂತು ಅಂದ್ರೆ ಮೇನ್ ಇಳಿಸೋದೇ ಒಳ್ಳೇದು.

ವೋಲ್ಟೇಜ್ ವಿಷಯದಲ್ಲಿ ಮಾತ್ರ ಎಲ್‌ಇಡಿಗೆ ನೂರಕ್ಕೆ ನೂರು ಕೊಡ್ತೀನಿ. ಬೇಸಿಗೇಲಿ ಎಲ್ಲಾ ತೋಟದಲ್ಲೂ ಪಂಪ್ ಓಡೋ ಹೊತ್ತಿಗೆ ನಮ್ಮಲ್ಲಿ ವೋಲ್ಟೇಜ್ 160ರ ಹತ್ರ ಇಳಿಯತ್ತೆ. ಆವಾಗ ಹಳೇ ಬಲ್ಬು ಕೆಂಪಗೆ ಕೆಂಡದ ಹಾಗೆ ಆಗೋದು, ಟ್ಯೂಬ್‌ಲೈಟು ಸ್ಟಾರ್ಟರ್ ಟಿಕ್ ಟಿಕ್ ಅನ್ಕೊಂಡು ಹತ್ತೋದೇ ಇಲ್ಲ, ಮಕ್ಕಳು ಓದೋ ಹೊತ್ತಿಗೆ ಸರಿಯಾಗಿ. ಈಗ ಅದೇ ವೋಲ್ಟೇಜಲ್ಲಿ ಬ್ಯಾಟನ್ ಒಂದು ಚೂರೂ ಕದಲದೆ ಉರಿಯತ್ತೆ. 100ರಿಂದ 300 ವೋಲ್ಟ್ ತನಕ ನಡೆಯತ್ತೆ ಅಂತ ಡಬ್ಬಿ ಮೇಲೆ ಇರೋ ಥರದ್ದು ತಗೊಳ್ಳಿ. ಹಳ್ಳಿ ಕಡೆ ಲೈನಿನ ಕೊನೇಲಿರೋ ಮನೆಗೆ ಎಲ್‌ಇಡಿಯಿಂದ ಆದ ಅತೀ ದೊಡ್ಡ ಉಪಕಾರ ಇದು, ಬಿಲ್ಲು ಆಮೇಲೆ.

ಸ್ವಿಚ್ ಆಫ್ ಮಾಡಿದ್ರೂ ಮಿಣಮಿಣ ಅನ್ನೋ ಕಾಯಿಲೆ ನಮ್ಮನೇಲೂ ಇತ್ತು. ಬಲ್ಬ್ ಬದಲಾಯ್ಸಿ ಪ್ರಯೋಜನ ಇಲ್ಲ, ವೈರಿಂಗ್ ನೋಡ್ಬೇಕು. ಹಳೇ ಮನೆಗಳಲ್ಲಿ ಮರದ ಪಟ್ಟಿ ಮೇಲೆ ಎಳೆದಿರೋ ವೈರಿಂಗಲ್ಲಿ ಎಷ್ಟೋ ಕಡೆ ಸ್ವಿಚ್ಚನ್ನ ಫೇಸಿಗೆ (ಶಾಕ್ ಹೊಡೆಯೋ ತಂತಿಗೆ) ಹಾಕೋ ಬದ್ಲು ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗೋ ತಂತಿಗೆ) ಹಾಕಿರ್ತಾರೆ. ಬುರುಡೆ ಬಲ್ಬ್ ಇದ್ದಾಗ ಅದು ಗೊತ್ತೇ ಆಗ್ತಿರ್ಲಿಲ್ಲ, ಎಲ್‌ಇಡಿಗೆ ಸೋರೋ ಒಂಚೂರು ಕರೆಂಟೇ ಸಾಕು ಮಿನುಗೋಕೆ. ಇಂಡಿಕೇಟರ್ ಇರೋ ಸ್ವಿಚ್ಚಿದ್ರೂ ಹೀಗಾಗತ್ತೆ, ಅದು ತೊಂದ್ರೆ ಇಲ್ಲ. ಆದ್ರೆ ನ್ಯೂಟ್ರಲ್ ಮೇಲೆ ಸ್ವಿಚ್ ಇದೆ ಅಂದ್ರೆ ಆಫ್ ಮಾಡಿದ್ರೂ ಹೋಲ್ಡರಲ್ಲಿ ಫೇಸ್ ಇದ್ದೇ ಇರತ್ತೆ, ಬಲ್ಬ್ ಬದಲಾಯ್ಸೋಕೆ ಏಣಿ ಹತ್ತಿದೋರಿಗೆ ಶಾಕ್ ಹೊಡಿಯತ್ತೆ. ವೈರ್‌ಮನ್ ಕರೆಸಿ ಟೆಸ್ಟರ್ ಇಟ್ಟು ನೋಡ್ಸಿ, ಅದಲು ಬದಲು ಮಾಡೋದು ಅರ್ಧ ಗಂಟೆ ಕೆಲಸ. ಎಲ್‌ಇಡಿ ಮಿಣುಗಿದ್ದರಿಂದಲೇ ನಮ್ಮನೆ ಎರಡು ಕೋಣೇಲಿ ಇದ್ದ ಈ ಅಪಾಯ ಹೊರಗೆ ಬಂತು, ನಮ್ಮಪ್ಪನ ಕಾಲದ ವೈರಿಂಗ್ ಅದು.

ಬಣ್ಣದ ವಿಷಯಕ್ಕೆ ಬಂದ್ರೆ ಸಿಟ್ಟು ಬರತ್ತೆ ನನಗೆ. ಅಂಗಡೀಲಿ ಬಾಯಿಬಿಟ್ಟು ಕೇಳ್ಲಿಲ್ಲ ಅಂದ್ರೆ ಕೊಡೋದು 6500 ಕೆಲ್ವಿನ್, ನೀಲಿ ತಿರುಗೋ ಬಿಳಿ. ಅದೇ ಜಾಸ್ತಿ ಬೆಳಕು ಅಂತ ಜನರ ತಲೇಲಿ ಕೂತ್ಬಿಟ್ಟಿದೆ. ಬೆಳಕು ಎಷ್ಟು ಅನ್ನೋದಕ್ಕೆ ಲ್ಯೂಮೆನ್ನು, ಕೆಲ್ವಿನ್ ಅನ್ನೋದು ಬರೀ ಬಣ್ಣ. 2700 ಅಥ್ವಾ 3000 ಕೆಲ್ವಿನ್ ಅಂದ್ರೆ ಹಳೇ ಬಲ್ಬಿನ ಹಳದಿ, 4000 ಅಂದ್ರೆ ನಡುವಿಂದು. ನಮ್ಮಮ್ಮಂಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಹಾಲ್‌ನಲ್ಲಿ 6500ರ ಬ್ಯಾಟನ್ ಕೆಳಗೆ ಪೇಪರ್ ಓದೋಕೆ ಕೂತ್ರೆ ಕಣ್ಣು ಚುಚ್ಚತ್ತೆ ಅಂತ ಕೈ ಅಡ್ಡ ಹಿಡ್ಕೊಳ್ಳೋರು. ಅವರು ಕೂರೋ ಜಾಗಕ್ಕೆ 4000ದ್ದು ಹಾಕಿ, ಬೆಳಕು ನೇರ ಕಣ್ಣಿಗೆ ಬೀಳದ ಹಾಗೆ ಬೆನ್ನ ಹಿಂದೆ ಮೇಲಿಂದ ಬರೋ ಥರ ಮಾಡಿದ್ಮೇಲೆ ಆರಾಮಾಗಿ ಓದ್ತಾರೆ. ವಯಸ್ಸಾದವರಿಗೆ ಬೆಳಕು ಜಾಸ್ತಿನೇ ಬೇಕು, ಆದ್ರೆ ಕಣ್ಣಿಗೆ ಹೊಡೆಯೋ ಬೆಳಕಲ್ಲ. ದೇವರ ಮನೆ, ಮಲಗೋ ಕೋಣೆ, ಜಗಲಿ ಇಷ್ಟಕ್ಕೂ 2700, ಎರಡನೇ ಯೋಚನೆ ಬೇಡ. ದೇವರ ಮುಂದೆ ನಂದಾದೀಪ ಉರೀತಿರುವಾಗ ಮೇಲಿಂದ ಬಿಳಿ ಲೈಟ್ ಹಾಕಿದ್ರೆ ಹಿತ್ತಾಳೆ ಮೂರ್ತಿ ಸ್ಟೀಲ್ ಥರ ಕಾಣತ್ತೆ, ಹಳದಿ ಹಾಕಿ ನೋಡಿ, ಹಿತ್ತಾಳೆ ಹಿತ್ತಾಳೆ ಆಗಿ ಕಾಣತ್ತೆ.

ಜಗಲಿಗೆ ಹಳದಿ ಅಂದಿದ್ದಕ್ಕೆ ಇನ್ನೊಂದು ಕಾರಣ ಹಾತೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಹೇಗೆ ಮುತ್ತತ್ತೆ ಅಂತ ನಮ್ಮ ಕಡೆಯವರಿಗೆ ಹೇಳ್ಬೇಕಾಗಿಲ್ಲ, ಊಟದ ಬಟ್ಟಲಿಗೆಲ್ಲಾ ರೆಕ್ಕೆ. ಹುಳಗಳು ನೀಲಿ ಮತ್ತು ಅತಿನೇರಳೆ ಕಡೆ ಬೆಳಕಿಗೇ ಜಾಸ್ತಿ ಬರೋದು. ಬಿಳಿ ಟ್ಯೂಬ್‌ಲೈಟು, ಬಿಳಿ ಎಲ್‌ಇಡಿಗಿಂತ ಹಳದಿ ಎಲ್‌ಇಡಿಗೆ ಕಡಿಮೆ ಬರತ್ವೆ. ಪೂರ್ತಿ ನಿಲ್ಲಲ್ಲ, ಆದ್ರೆ ಜಗಲೀಲಿ ಕೂತು ಮಾತಾಡ್ಬಹುದು ಅನ್ನೋಷ್ಟು ವ್ಯತ್ಯಾಸ ಇದೆ. ನಾವು ಅಂಗಳದ ಮೂಲೇಲಿ ಒಂದು ಬಿಳಿ ಲೈಟ್ ಹಾಕಿ ಬಿಡ್ತೀವಿ, ಹುಳ ಅತ್ಲಾಗೆ ಹೋಗ್ಲಿ ಅಂತ.

ಅಡಿಕೆ ಸುಲಿಯೋ ಶೆಡ್ಡಿಗೆ ಬೆಳಕು ಹುಡುಕೋದು ಎಲ್ಲದಕ್ಕಿಂತ ಕಷ್ಟ ಆಯ್ತು, ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಅಡಿಕೆ ಬೆಳೆಗಾರರಿಗೆ ಉಪಯೋಗ ಆಗತ್ತೆ. ಕೊಯ್ಲಿನ ಟೈಮಲ್ಲಿ ರಾತ್ರಿ ಹತ್ತು ಹನ್ನೊಂದರ ತನಕ ಹೆಂಗಸರು ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತು ಸುಲೀತಾರೆ. ಒಂದೇ ಕಡೆಯಿಂದ ಜೋರು ಬೆಳಕು ಬಂದ್ರೆ ಅವರ ಕೈಯ ನೆರಳೇ ಕತ್ತಿ ಬಾಯಿ ಮೇಲೆ ಬೀಳತ್ತೆ, ಬೆರಳು ಕುಯ್ಯೋದು ಆವಾಗ್ಲೇ. ಒಂದು 50 ವ್ಯಾಟಿನ ಫ್ಲಡ್‌ಲೈಟ್ ಬದ್ಲು ಎರಡೂ ಬದಿಗೆ ಎರಡು 20 ವ್ಯಾಟ್ ಬ್ಯಾಟನ್ ಹಾಕಿದ್ರೆ ನೆರಳು ಕರಗತ್ತೆ, ಕರೆಂಟೂ ಕಡಿಮೆ. ಸುಲಿಯೋ ಮಿಷನ್ ಇರೋರಂತೂ ಬಲ್ಬಿನ ಫ್ಲಿಕರ್ ನೋಡ್ಲೇಬೇಕು. ಅಗ್ಗದ ಡ್ರೈವರ್ ಇರೋ ಬಲ್ಬು ಸೆಕೆಂಡಿಗೆ 100 ಸಲ ಆರಿ ಹತ್ತತಿರತ್ತೆ, ಬರಿಗಣ್ಣಿಗೆ ಗೊತ್ತಾಗಲ್ಲ, ಆದ್ರೆ ಆ ಬೆಳಕಲ್ಲಿ ಜೋರಾಗಿ ತಿರುಗ್ತಿರೋ ಗಾಲಿ ಒಂದೊಂದು ವೇಗದಲ್ಲಿ ನಿಂತಿರೋ ಹಾಗೆ, ಇಲ್ಲಾ ನಿಧಾನಕ್ಕೆ ತಿರುಗ್ತಿರೋ ಹಾಗೆ ಕಾಣತ್ತೆ. ನಿಂತಿದೆ ಅಂತ ಕೈ ಹಾಕಿದ್ರೆ ಮುಗೀತು. ಫೋನಿನ ಕ್ಯಾಮೆರಾ ಸ್ಲೋ ಮೋಷನ್‌ಗೆ ಇಟ್ಟು ಬಲ್ಬ್ ಕಡೆ ತಿರುಗ್ಸಿ, ಪಟ್ಟೆ ಪಟ್ಟೆ ಓಡಿದ್ರೆ, ಪಟಪಟ ಅಂದ್ರೆ ಆ ಬಲ್ಬ್ ಮಿಷನ್ ಹತ್ರ ಬೇಡ, ಓದೋ ಮೇಜಿಗೂ ಬೇಡ.

ಅದೇ ಶೆಡ್ಡಲ್ಲಿ ಇನ್ನೊಂದು ಗಮನಿಸಿದ್ದು ಕೆಂಪು ಬಣ್ಣದ್ದು. ಬೇಯಿಸಿ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕೊಟ್ಟು ಒಣಗ್ಸಿದ ರಾಶಿ ಅಡಿಕೆಯ ಕೆಂಪು ನೋಡೇ ಬೆಲೆ ಕಟ್ಟೋದು. ಸಾಧಾರಣ ಬಿಳಿ ಎಲ್‌ಇಡಿ ಕೆಳಗೆ ಆ ಕೆಂಪು ಸತ್ತ ಹಾಗೆ, ಮಣ್ಣಿನ ಬಣ್ಣಕ್ಕೆ ಕಾಣತ್ತೆ, ಬೆಳಿಗ್ಗೆ ಬಿಸಿಲಿಗೆ ಹಿಡಿದ್ರೆ ಒಳ್ಳೇ ಮಾಲೇ ಇರತ್ತೆ. ಡಬ್ಬಿ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರತ್ತೆ, ಬಣ್ಣ ಎಷ್ಟು ನಿಜವಾಗಿ ಕಾಣತ್ತೆ ಅನ್ನೋದಕ್ಕೆ. ಹಳೇ ಬುರುಡೆ ಬಲ್ಬಿಗೆ ಅದು ನೂರರ ಹತ್ರ, ಸಾಮಾನ್ಯ ಎಲ್‌ಇಡಿಗೆ 80. ಆರಿಸೋ, ವಿಂಗಡಿಸೋ ಕೆಲಸ ರಾತ್ರಿ ಮಾಡ್ಲೇಬೇಕು ಅಂದ್ರೆ 90 ಇರೋದು ತರ್ಸಿ, ಬೆಲೆ ಜಾಸ್ತಿ, ಆದ್ರೆ ಒಂದು ಸಾಕು. ಇಲ್ಲಾಂದ್ರೆ ವಿಂಗಡಿಸೋದನ್ನ ಹಗಲಿಗೇ ಇಟ್ಕೊಳ್ಳಿ.

ಮಳೆಗಾಲದ ವಿಷಯ. ಜುಲೈಲಿ ಲೈನ್ ಮೇಲೆ ಮರ ಬಿದ್ರೆ ಎರಡು ದಿನ ಮೂರು ದಿನ ಕರೆಂಟ್ ಇರಲ್ಲ. ಟ್ಯೂಬ್‌ಲೈಟ್ ಇದ್ದಾಗ ಇನ್ವರ್ಟರ್ ಬ್ಯಾಟರಿ ಒಂದು ಸಂಜೆಗೆ ಸುಸ್ತಾಗೋದು, ಐದು ಟ್ಯೂಬ್ ಅಂದ್ರೆ 250 ವ್ಯಾಟ್ ದಾಟೋದು, ಈಗ ಐದು ಬ್ಯಾಟನ್ ಹಚ್ಚಿದ್ರೂ 100. ಅದೇ ಬ್ಯಾಟರಿ ಎರಡು ರಾತ್ರಿ ಬರತ್ತೆ, ಬೇಕಾದ ಲೈಟ್ ಮಾತ್ರ ಹಚ್ಚಿದ್ರೆ ಮೂರನೇ ರಾತ್ರೀಗೂ ಉಳಿಯತ್ತೆ. ಇನ್ವರ್ಟರ್ ಇಲ್ಲದೋರು ಒಳಗೇ ಲಿಥಿಯಂ ಸೆಲ್ ಇರೋ ಎಮರ್ಜೆನ್ಸಿ ಬಲ್ಬ್ ತಗೊಳ್ಬಹುದು. ಕರೆಂಟ್ ಹೋದ್ರೂ ಮೂರ್ನಾಲ್ಕು ಗಂಟೆ ಉರಿಯತ್ತೆ, ಹೋಲ್ಡರಿಂದ ಬಿಚ್ಚಿ ಅದಕ್ಕೆ ಕೊಡೋ ಕೊಕ್ಕೆ ಕ್ಯಾಪ್ ಹಾಕ್ಕೊಂಡು ಕೊಟ್ಟಿಗೆಗೂ ಹೋಗ್ಬಹುದು. ಕೊಟ್ಟಿಗೇಲಿ ರಾತ್ರಿ ಹೊತ್ತು ಹಸು ಕರು ಹಾಕುವಾಗ ಇದು ನಮಗೆ ತುಂಬಾ ಸಹಾಯ ಆಗಿದೆ. ಆದ್ರೆ ಅಂಗಡಿಯೋರು ಹೇಳದ ಒಂದು ವಿಷಯ ಇದೆ, ಅದು ಚಾರ್ಜ್ ಆಗ್ಬೇಕಂದ್ರೆ ಸ್ವಿಚ್ ಆನ್ ಆಗಿ ಎಂಟ್ಹತ್ತು ಗಂಟೆ ಉರೀಬೇಕು. ಅಪರೂಪಕ್ಕೆ ಹಚ್ಚೋ ಕೋಣೇಲಿ ಹಾಕಿದ್ರೆ ಬೇಕಾದಾಗ ಚಾರ್ಜೇ ಇರಲ್ಲ. ಸೆಲ್ಲೂ ಒಂದೆರಡು ವರ್ಷಕ್ಕೆ ಸೋಲತ್ತೆ. ಮನೇಲಿ ಒಂದು ಅಥ್ವಾ ಎರಡು ಇರ್ಲಿ, ಎಲ್ಲಾ ಕಡೆ ಬೇಡ.

ಎಲ್ಲಿ ಕೊಳ್ಳೋದು ಅಂದ್ರೆ, ನಾನು ಊರಿನ ಅಂಗಡಿ ಪರ. ಆನ್‌ಲೈನಲ್ಲಿ ಹತ್ತು ಬಲ್ಬಿನ ಪ್ಯಾಕ್ ಅಗ್ಗಕ್ಕೆ ಸಿಗತ್ತೆ ನಿಜ, ಆದ್ರೆ ಎರಡು ವರ್ಷ ವಾರಂಟಿ ಇರೋ ಬಲ್ಬ್ ಹದಿನೈದನೇ ತಿಂಗಳಿಗೆ ಹೋದ್ರೆ ಯಾರ ಹತ್ರ ಹೋಗ್ತೀರಿ? ನಾವು ಒಂದು ಸಲ ಹಾಗೆ ಕಂಪನಿ ನಂಬರಿಗೆ ಫೋನ್ ಮಾಡಿ, ಬಿಲ್ ಫೋಟೋ ಕಳ್ಸಿ, ಬಲ್ಬ್ ಫೋಟೋ ಕಳ್ಸಿ, ಕೊನೆಗೆ ನಿಮ್ಮ ಪಿನ್‌ಕೋಡಿಗೆ ಸರ್ವೀಸ್ ಇಲ್ಲ ಅಂತ ಉತ್ತರ ಬಂತು. ಸಾಗರದಲ್ಲಿ ನಾವು ಹೋಗೋ ಅಂಗಡಿಯವರು ಬಲ್ಬ್ ಕೊಡೋ ಮುಂಚೆ ಹೋಲ್ಡರಿಗೆ ಸಿಗ್ಸಿ ಉರಿಸಿ ತೋರ್ಸಿ, ಕುತ್ತಿಗೆ ಮೇಲೆ ಕಪ್ಪು ಮಾರ್ಕರಲ್ಲಿ ತಿಂಗಳು, ವರ್ಷ ಬರ್ದು ಕೊಡ್ತಾರೆ. ಹೋಯ್ತು ಅಂತ ತಗೊಂಡು ಹೋದ್ರೆ ಮಾರ್ಕರ್ ಗುರುತು ನೋಡ್ತಾರೆ, ಬಿಲ್ ಕೇಳಲ್ಲ, ಹೊಸದು ಕೊಡ್ತಾರೆ, ಹಳೇದನ್ನ ಒಂದು ರಟ್ಟಿನ ಪೆಟ್ಟಿಗೆಗೆ ಹಾಕ್ತಾರೆ, ಕಂಪನಿ ಡೀಲರ್ ಬಂದಾಗ ಅದನ್ನ ವಾಪಸ್ ಕೊಡೋಕೆ. ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದ್ರೂ ನನಗೆ ಇದೇ ಸರಿ. 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್ ಬಲ್ಬುಗಳನ್ನ ಅವರ ತಂದೆ ಅದೇ ಕೌಂಟರಲ್ಲಿ ಮಾರ್ತಿದ್ರಂತೆ, ನಮ್ಮದೇ ರಾಜ್ಯದ ಬಲ್ಬ್ ಕಾರ್ಖಾನೆ ಮುಚ್ಚಿದ್ದಕ್ಕೆ ಅವರಿಗೆ ಈಗಲೂ ಬೇಜಾರಿದೆ, ನನಗೂ ಇದೆ.

ಬಿಚ್ಚಿದ ಸಿಎಫ್‌ಎಲ್, ಟ್ಯೂಬ್‌ಲೈಟ್ ಏನು ಮಾಡೋದು ಅನ್ನೋದೇ ತಲೆನೋವು. ಒಳಗೆ ಪಾದರಸ ಇರತ್ತೆ, ತೋಟದ ಕಾದಿಗೆಗೆ (ನೀರು ಹರಿಯೋ ಕಾಲುವೆಗೆ) ಎಸೆಯೋದು, ಹೊಂಡದಲ್ಲಿ ಒಡೆಯೋದು ದಯವಿಟ್ಟು ಮಾಡ್ಬೇಡಿ, ಅದೇ ನೀರು ನಮ್ಮ ಬಾವಿಗೆ ಇಳಿಯೋದು. ಮನೇಲಿ ಒಡೆದ್ರೆ ಕಿಟಕಿ ತೆಗೆದು ಸ್ವಲ್ಪ ಹೊತ್ತು ಹೊರಗೆ ಹೋಗಿ, ಆಮೇಲೆ ಪೊರಕೆ ಹಾಕದೆ ರಟ್ಟಲ್ಲಿ ಬಳಿದು ಡಬ್ಬಿಗೆ ಹಾಕಿ ಮುಚ್ಚಿ. ನಾವು ಹೊಸ ಬ್ಯಾಟನ್ ಬಂದ ಉದ್ದ ಡಬ್ಬಿಗಳಲ್ಲೇ ಹಳೇ ಟ್ಯೂಬ್ ತುಂಬಿ ಇಟ್ಟು, ಪ್ಯಾಟೇಲಿ ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಟ್ವಿ. ತಾಮ್ರದ ಚೋಕನ್ನ ಮಾತ್ರ ಗುಜರಿಯೋರು ತೂಕಕ್ಕೆ ತಗೊಳ್ತಾರೆ, ಸುಮ್ನೆ ಎಸೀಬೇಡಿ.

ಇನ್ನು ಉಳಿದಿರೋದು ಬಚ್ಚಲುಮನೆ. ನಮ್ಮಲ್ಲಿ ಹಂಡೆ ಒಲೆ, ಬೆಳಿಗ್ಗೆ ಸಂಜೆ ಹೊಗೆ, ಹಬೆ ಎರಡೂ. ಅಲ್ಲಿ ಹಾಕಿದ ಸಾದಾ ಎಲ್‌ಇಡಿ ಹೋಲ್ಡರ್ ಪಿನ್ ಕಿಲುಬು ಹಿಡಿದು, ಗೋಳದೊಳಗೆ ಮಸಿ ಇಳಿದು ಒಂದು ಮಳೆಗಾಲ ದಾಟ್ತಿಲ್ಲ. ನೀರು ಧೂಳು ಹೋಗದ ಐಪಿ 65 ಬಲ್ಕ್‌ಹೆಡ್ (ಗೋಡೆಗೆ ಹಾಕೋ ಮುಚ್ಚಿದ ಲೈಟು) ಹಾಕೋದು ಅಂತ ಯೋಚನೆ ಇದೆ, ಆದ್ರೆ ಹಂಡೆ ಒಲೆ ಇರೋ ಬಚ್ಚಲಲ್ಲಿ ಅದನ್ನ ಹಾಕಿ ಎರಡು ಮೂರು ಮಳೆಗಾಲ ನೋಡಿರೋರು ಇದ್ರೆ ಯಾವ ಥರದ್ದು ತಡೀತು ಅಂತ ತಿಳಿಸಿ, ಈ ಸಲ ದೀಪಾವಳಿ ಬೂರೆ ನೀರು ತುಂಬೋ ಹಬ್ಬದೊಳಗೆ ಹಾಕ್ಸಬೇಕು ಅಂತಿದೀವಿ.